ಕಳೆ ತೆಗೆಯುವ ತಿಂಗಳಲ್ಲಿ ತೊಂಗೊ ಗುಡ್ಡದ ಬುಡಕ್ಕೆ

ಉತ್ತರ ಘಾನಾದಲ್ಲಿ ವರ್ಷಕ್ಕೆ ಒಂದೇ ಮಳೆಗಾಲ. ಮೇ ತಿಂಗಳಲ್ಲಿ ಹಿಡಿದ ಮಳೆ ಅಕ್ಟೋಬರ್ ಹೊತ್ತಿಗೆ ನಿಲ್ಲುತ್ತದೆ, ಆಮೇಲೆ ಆರು ತಿಂಗಳು ಹನಿ ಬೀಳುವುದಿಲ್ಲ. ಜೂನ್–ಜುಲೈಯಲ್ಲಿ ಹಿಂದಿನ ಸುಗ್ಗಿಯ ಕಾಳು ಕಣಜದ ತಳ ಕಂಡಿರುತ್ತದೆ. ಹೊಲದಲ್ಲಿ ಕಳೆ ಎದ್ದು ನಿಲ್ಲುವುದೂ ಆಗಲೇ. ಹೊಟ್ಟೆಗೆ ಅತಿ ಕಡಿಮೆ ಸಿಗುವ ದಿನಗಳಲ್ಲೇ ಮೈ ಅತಿ ಹೆಚ್ಚು ದುಡಿಯಬೇಕು. ಹೊರದೇಶದ ಸ್ವಯಂಸೇವಕರಲ್ಲಿ ಹಲವರು ಇಲ್ಲಿಗೆ ಬರುವುದು ಡಿಸೆಂಬರ್, ಜನವರಿಯಲ್ಲಿ. ಆಗ ರಸ್ತೆ ಒಣಗಿರುತ್ತದೆ, ಸೊಳ್ಳೆ ಕಡಿಮೆ, ಆದರೆ ಹೊಲದಲ್ಲಿ ಕೆಲಸವೇ ಇರುವುದಿಲ್ಲ. ನಾನು ಕುಷ್ಟಗಿ ತಾಲ್ಲೂಕಿನ ಒಣಬೇಸಾಯದ ಮನೆಯಲ್ಲಿ ಹುಟ್ಟಿದವಳು. ಎಡೆ ಹೊಡೆಯುವ ವಾರ ತಪ್ಪಿದರೆ ಬೆಳೆಯೇ ತಪ್ಪಿತು ಎಂಬುದನ್ನು ಅಪ್ಪನ ಮುಖದಲ್ಲಿ ನೋಡಿ ಬೆಳೆದವಳು. ಸ್ವಯಂಸೇವೆಗೆ ಹೋಗುವುದಾದರೆ ಕಳೆಯ ತಿಂಗಳಲ್ಲೇ ಹೋಗಬೇಕೆಂದು ಹಟ ಹಿಡಿದು ಜೂನ್ ನಡುವಿನಲ್ಲಿ ಹೊರಟೆ.

ಶನಿವಾರ

ಮುಂಬೈಯಿಂದ ಆಡಿಸ್ ಅಬಾಬಾ, ಅಲ್ಲಿಂದ ಅಕ್ರಾ. ವಿಮಾನ ನಿಲ್ದಾಣದಲ್ಲಿ ಹಳದಿ ಜ್ವರದ ಲಸಿಕೆಯ ಪತ್ರ ತೋರಿಸಬೇಕು. ಸಂಜೆಯೇ ಉತ್ತರದ ಬಸ್ಸು ಹಿಡಿದೆ. ಬೋಲ್ಗಟಾಂಗಾ ಸುಮಾರು 800 ಕಿಲೋಮೀಟರ್, ರಾತ್ರಿಯಿಡೀ ಪ್ರಯಾಣ.

ಕುಮಾಸಿ ನಿದ್ದೆಯಲ್ಲಿ ದಾಟಿತು. ಬೆಳಗಿನ ಜಾವ ಕಿಂಟಾಂಪೊದಲ್ಲಿ ಬಸ್ಸು ನಿಂತಾಗ ಇಳಿದು ಕಾಲು ಚಾಚಿದೆ. ನಾವು ಸಾರಿಗೆ ಹಾಕುವ ಅಲಸಂದೆಯ ಅತ್ಯಂತ ಹಳೆಯ ಕಾಳುಗಳು ಪುರಾತತ್ವಜ್ಞರಿಗೆ ಸಿಕ್ಕಿರುವುದು ಮಧ್ಯ ಘಾನಾದ ಈ ಸೀಮೆಯಲ್ಲಿ. ಅವು 3,500 ವರ್ಷಕ್ಕೂ ಹಳೆಯವು. ನಿಲ್ದಾಣದಲ್ಲಿ ಹೆಂಗಸೊಬ್ಬರು ಬೇಯಿಸಿದ ಅಲಸಂದೆಯನ್ನೂ ಅನ್ನವನ್ನೂ ಕಲಸಿ ಮಾರುತ್ತಿದ್ದರು. ಎರಡು ತಟ್ಟೆ ತಿಂದೆ.

ಭಾನುವಾರ

ಕಿಂಟಾಂಪೊ ದಾಟಿದ ಮೇಲೆ ದಟ್ಟ ಕಾಡು ಹಿಂದೆ ಉಳಿಯುತ್ತದೆ. ಬಯಲು, ಹುಲ್ಲು, ನಡುನಡುವೆ ಬೀಜದಿಂದ ಬೆಣ್ಣೆ ತೆಗೆಯುವ ಶಿಯಾ ಮರಗಳು. ತಮಾಲೆ ಊರಿನ ತುಂಬ ನಮ್ಮ ಬಜಾಜ್ ಆಟೊಗಳು, ಎಲ್ಲವೂ ಹಳದಿ. ಪ್ವಾಲುಗು ಎಂಬಲ್ಲಿ ಬಿಳಿ ವೋಲ್ಟಾ ನದಿಯ ಸೇತುವೆ ದಾಟಿದೆವು. ಕೆಂಪು ನೀರು ಆಗಲೇ ಏರುತ್ತಿತ್ತು. ಆಗಸ್ಟ್–ಸೆಪ್ಟೆಂಬರಿನಲ್ಲಿ ಬುರ್ಕಿನಾ ಫಾಸೊದ ಬಾಗ್ರೆ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಈ ದಂಡೆಯ ಹೊಲಗಳು ಮುಳುಗುತ್ತವೆ, ಕೊಯ್ಲಿಗೆ ಬಂದ ಬೆಳೆ ಕಣ್ಣೆದುರೇ ಕೊಚ್ಚಿಕೊಂಡು ಹೋಗುತ್ತದೆ. ಪಕ್ಕದ ಆಸನದ ಶಾಲಾ ಮಾಸ್ತರರು ಇದನ್ನು ಹೇಳುತ್ತ, ನೀರು ಎಲ್ಲಿಯವರೆಗೆ ಬರುತ್ತದೆಂದು ಕಿಟಕಿಯಿಂದಲೇ ತೋರಿಸಿದರು.

ಬೋಲ್ಗಟಾಂಗಾದಿಂದ ಆಗ್ನೇಯಕ್ಕೆ ಹೊರಳಿದರೆ ತೊಂಗೊ ಗುಡ್ಡಗಳು. ಬಂಡೆಯ ಮೇಲೆ ಬಂಡೆ, ಥೇಟ್ ನಮ್ಮ ಆನೆಗೊಂದಿ. ಚಳಿಗಾಲದಲ್ಲಿ ಸಹಾರಾ ಕಡೆಯಿಂದ ಹರ್ಮಟಾನ್ ಗಾಳಿ ಬೀಸಿದಾಗ ಈ ಬಂಡೆಗಳ ಸಂದಿಯಿಂದ ಶಿಳ್ಳೆ ಹೊರಡುತ್ತದಂತೆ. ಗುಡ್ಡದ ಅಡಿಯಲ್ಲಿ ತಾಲೆನ್ಸಿ ಜನರ ಹಳ್ಳಿಗಳು. ಹಳ್ಳಿ ಎಂದರೆ ನಮ್ಮಲ್ಲಿಯ ಹಾಗೆ ಒತ್ತಾದ ಓಣಿಗಳಲ್ಲ. ಒಂದೊಂದು ಮನೆಯೂ ಅದರ ಹೊಲದ ನಡುವೆ ಬೇರೆಯಾಗಿ ನಿಂತಿರುತ್ತದೆ. ಮಣ್ಣಿನ ದುಂಡು ಕೋಣೆಗಳು, ಅವನ್ನು ಸುತ್ತುವರಿದು ಕೂಡಿಸುವ ಮಣ್ಣಿನ ಗೋಡೆ, ಕಾಳು ಒಣಗಿಸಲು ಮಾಳಿಗೆ, ಅಂಗಳದಲ್ಲಿ ಮಣ್ಣಿನದೇ ಕಣಜ.

ಮೊದಲು ಊರಿನ ಮುಖ್ಯಸ್ಥರ ಮನೆ. ಕೋಲಾ ಕಾಯಿ ಒಯ್ದಿದ್ದೆ, ಬರಿಗೈಯಲ್ಲಿ ಹೋಗುವಂತಿಲ್ಲ. ಕುಕ್ಕರಗಾಲಲ್ಲಿ ಕುಳಿತು ನಮಸ್ಕಾರ ಹೇಳಬೇಕು. ಅವರು ಮನೆ, ಮಕ್ಕಳು, ದನ, ಮಳೆ ಎಲ್ಲವನ್ನೂ ವಿಚಾರಿಸಿ ಮುಗಿಸುವ ತನಕ ಬಂದ ಕೆಲಸದ ಮಾತೆತ್ತಬಾರದು. "ಎಷ್ಟು ದಿನ ಇರುತ್ತೀರಿ?" ಎಂದು ಅವರು ಕೇಳಿದ್ದು ಎಲ್ಲಕ್ಕಿಂತ ಕೊನೆಗೆ. ಸಜ್ಜೆ ತೆನೆ ಕಟ್ಟುವ ತನಕ ಎಂದೆ. ಅವರು ತಲೆದೂಗಿದರು.

ನಾನು ಉಳಿದುಕೊಂಡ ಮನೆಯ ಹಿರಿಯಾಕೆ ಸೋರೆ ಬುರುಡೆಯಲ್ಲಿ ಸಜ್ಜೆ ಹಿಟ್ಟು ಕದಡಿದ ನೀರು ತಂದರು. ಜೋಮ್ ಕೋಮ್ ಎನ್ನುತ್ತಾರೆ. ಶುಂಠಿಯ ಖಾರ ನಾಲಿಗೆಗೆ ತಾಗುತ್ತದೆ. ಬಂದ ಅತಿಥಿಗೆ ಬರಿ ನೀರು ಕೊಡುವುದಿಲ್ಲ, ಹಿಟ್ಟಿನ ನೀರೇ ಆಗಬೇಕು. ಕಣಜ ಬರಿದಾಗುವ ತಿಂಗಳಲ್ಲಿ ಆ ಹಿಡಿ ಹಿಟ್ಟಿನ ಬೆಲೆ ಏನೆಂದು ನನಗೆ ಗೊತ್ತು. ಪೂರ್ತಿ ಕುಡಿದು ಬುರುಡೆಯನ್ನು ಎರಡೂ ಕೈಯಲ್ಲಿ ಹಿಂದಿರುಗಿಸಿದೆ. ಅವರನ್ನು ಮನೆಯವರೆಲ್ಲ ಅಮ್ಮ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ಮಗ ಇಂಗ್ಲಿಷ್ ಬಲ್ಲವರು, ನನಗಿಂತ ಹಿರಿಯರಾದರೂ ಮೊದಲ ದಿನದಿಂದಲೇ ನನ್ನನ್ನು ಅಕ್ಕ ಎಂದರು.

ಸೋಮವಾರ

ಐದೂವರೆಗೆ ಹೊಲ. ಮನೆಯ ಸುತ್ತಲಿನ ಹೊಲ ಗೊಬ್ಬರ ಕಂಡ ನೆಲ, ಅದರಲ್ಲಿ ಸಜ್ಜೆ. ಎರಡು ಬಗೆ ಒಟ್ಟಿಗೆ ಬಿತ್ತುತ್ತಾರೆ. ನಾರಾ ಎಂಬ ಬೇಗನೆ ಬರುವ ತಳಿ ಜುಲೈಯಲ್ಲಿ ಕೊಯ್ಲಿಗೆ ಬಂದು ಹಸಿವನ್ನು ಮುರಿಯುತ್ತದೆ. ತಡವಾದ ತಳಿ ಅಕ್ಟೋಬರಿನ ನಂತರ ಬಂದು ಕಣಜ ತುಂಬುತ್ತದೆ. ನಡುವೆ ಅಲಸಂದೆಯ ಬಳ್ಳಿ. ಬದುವಿನಂಚಿಗೆ ಬೆಂಡೆ, ಪುಂಡಿ. ದೂರದ ಹೊಲಗಳಲ್ಲಿ ಶೇಂಗಾ, ಜೋಳ, ಮೆಕ್ಕೆಜೋಳ. ಸಜ್ಜೆಯನ್ನು ಮನುಷ್ಯ ಮೊದಲು ಬೆಳೆಸಿದ್ದು ಇದೇ ಪಶ್ಚಿಮ ಆಫ್ರಿಕಾದಲ್ಲಿ. ಮಾಲಿ ದೇಶದ ತಿಲೆಮ್ಸಿ ಕಣಿವೆಯಲ್ಲಿ ಸುಮಾರು 4,500 ವರ್ಷ ಹಳೆಯ ಕುರುಹು ಸಿಕ್ಕಿದೆ. ಹಾವೇರಿ ಜಿಲ್ಲೆಯ ಹಳ್ಳೂರಿನ ನವಶಿಲಾಯುಗದ ನೆಲೆಯಲ್ಲಿ ದೊರೆತ ಸಜ್ಜೆಯ ಕಾಳುಗಳ ತವರು ಇತ್ತಲೇ. ಮಗನಿಗೆ ಇದನ್ನು ಹೇಳಿದೆ. ಅವರು ಗುದ್ದಲಿ ನಿಲ್ಲಿಸಿ ಕೇಳಿಸಿಕೊಂಡು, "ಹಾಗಾದರೆ ನಿಮ್ಮವರು ಅದನ್ನು ಚೆನ್ನಾಗಿ ನೋಡಿಕೊಂಡಿದ್ದಾರೆ" ಎಂದರು.

ಇಲ್ಲಿಯ ಗುದ್ದಲಿಗೆ ಮೊಳದುದ್ದದ ಹಿಡಿ. ಸೊಂಟ ಪೂರ್ತಿ ಬಾಗಲೇಬೇಕು. ಉದ್ದ ಹಿಡಿ ಹಾಕಿದರೆ ಆಗದೇ ಎಂದು ಹೊರಗಿನಿಂದ ಬಂದವರು ಕೇಳುತ್ತಾರಂತೆ. ಒಂದು ತಾಸು ಕೆಲಸ ಮಾಡಿ ನೋಡಿದರೆ ಉತ್ತರ ಸಿಗುತ್ತದೆ. ಸಜ್ಜೆಯ ಬುಡಕ್ಕೂ ಅಲಸಂದೆಯ ಬಳ್ಳಿಗೂ ನಡುವೆ ಇರುವುದು ಗೇಣು ಜಾಗ. ಎಡಗೈಯಲ್ಲಿ ಬಳ್ಳಿ ಎತ್ತಿ ಹಿಡಿದು, ಬಲಗೈಯಲ್ಲಿ ಕಳೆ ಕೆತ್ತಿ, ಅದೇ ಏಟಿಗೆ ಮಣ್ಣನ್ನು ಬುಡಕ್ಕೆ ಏರಿಸಬೇಕು. ಕಣ್ಣು ನೆಲಕ್ಕೆ ಹತ್ತಿರವಿಲ್ಲದೆ ಈ ಕೆಲಸ ಆಗದು.

ಸ್ಟ್ರೈಗಾ ಎಂಬ ಕಳೆಯನ್ನು ಮಾತ್ರ ಯಾರೂ ಕೆತ್ತಿ ಬಿಡುವುದಿಲ್ಲ. ಅದು ಸಜ್ಜೆ, ಜೋಳ, ಮೆಕ್ಕೆಜೋಳದ ಬೇರಿಗೇ ಅಂಟಿಕೊಂಡು ರಸ ಹೀರುವ ಗಿಡ. ನೆಲದ ಮೇಲೆ ತಲೆ ಹಾಕುವ ಮೊದಲೇ ಅರ್ಧ ಹಾನಿ ಮುಗಿದಿರುತ್ತದೆ. ಹೂಬಿಟ್ಟರೆ ಒಂದೊಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ, ಧೂಳಿನಂಥ ಆ ಬೀಜ ಮಣ್ಣಿನಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಜೀವ ಹಿಡಿದಿರುತ್ತದೆ. ಅಮ್ಮ ಒಂದನ್ನು ಕಿತ್ತು ನನ್ನ ಅಂಗೈ ಮೇಲೆ ಇಟ್ಟರು. ಬೆರಳುದ್ದದ ಒರಟು ಕಾಂಡ, ಸಪೂರ ಎಲೆ, ತುದಿಯಲ್ಲಿ ಇನ್ನೂ ಬಿಚ್ಚದ ನೇರಳೆ ಮೊಗ್ಗು. ಇದಕ್ಕೆ ಮದ್ದೆಂದರೆ ಹೂವಿಗೆ ಮೊದಲೇ ಕೀಳುವ ಕೈಗಳು, ಆ ಕೈಗಳೇ ಈಗ ಊರಿನಲ್ಲಿ ಕಡಿಮೆ. ಹುಡುಗರು ಗ್ಬಾನೆ ಕಡೆಯ ಚಿನ್ನದ ಗುಂಡಿಗಳಿಗೆ ಇಳಿದಿದ್ದಾರೆ. ಹುಡುಗಿಯರು ಕುಮಾಸಿ, ಅಕ್ರಾದ ಮಾರುಕಟ್ಟೆಗಳಲ್ಲಿ ತಲೆಹೊರೆ ಹೊರುತ್ತಾರೆ. ಈ ಮನೆಯ ಮೊಮ್ಮಗಳೂ ಅಲ್ಲೇ ಇದ್ದಾಳೆ. ಗುಳೆ ಹೋಗುವವರ ಊರಿನಿಂದ ಬಂದ ನನಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಸಂಜೆ ಟಿ.ಜೆಡ್. ಎನ್ನುವ ಹಿಟ್ಟಿನ ಮುದ್ದೆ, ಜೊತೆಗೆ ಬೀಟೊ. ಬೀಟೊ ಎಂದರೆ ಪುಂಡಿ ಸೊಪ್ಪು, ಶೇಂಗಾ ಅರೆದು ಹಾಕಿ ಕುದಿಸಿದ್ದು. ಅದೇ ಹುಳಿ, ಅದೇ ಲೋಳೆ. ಊರು ಬಿಟ್ಟ ಮೇಲೆ ಹೊಟ್ಟೆ ತುಂಬಿ ಉಂಡದ್ದು ಅಂದೇ.

ಮಂಗಳವಾರ

ಬೋಲ್ಗಟಾಂಗಾದ ಸಂತೆ ಮೂರು ದಿನಕ್ಕೊಮ್ಮೆ ಕೂಡುತ್ತದೆ, ವಾರದ ಹೆಸರಿಗೆ ಅದು ಕಾಯುವುದಿಲ್ಲ. ಹುಲ್ಲಿನ ಬುಟ್ಟಿಗಳು, ಗಿನಿ ಕೋಳಿ, ಕಮಟು ವಾಸನೆಯ ದವಾದವಾ ಉಂಡೆ. ದವಾದವಾ ಮರದ ಬೀಜವನ್ನು ಬೇಯಿಸಿ ಹುಳಿ ಬರಿಸಿ ಮಾಡುವ ಈ ಉಂಡೆ ಸಾರಿಗೆ ಬಿದ್ದರೆ ಮಾಂಸದ ಕೊರತೆ ಕಾಣದು.

ಸಂಜೆ ಹೆಂಗಸರ ಉಳಿತಾಯ ಸಂಘ. ಕಬ್ಬಿಣದ ಪೆಟ್ಟಿಗೆಗೆ ಮೂರು ಬೀಗ, ಮೂವರ ಹತ್ತಿರ ಮೂರು ಕೀಲಿ, ಎಲ್ಲರೂ ಕೂಡದೆ ಪೆಟ್ಟಿಗೆ ತೆರೆಯದು. 1991ರಲ್ಲಿ ನೈಜರ್ ದೇಶದಲ್ಲಿ ಹುಟ್ಟಿದ ಈ ಪದ್ಧತಿ ಈಗ ಆಫ್ರಿಕಾದ ಉದ್ದಗಲಕ್ಕೂ ಹರಡಿದೆ. ಅಂದು ಬಂದ ಕೋರಿಕೆಗಳೆಲ್ಲ ಒಂದೇ ಬಗೆಯವು: ಶಿಯಾ ಬೀಜವನ್ನು ಈಗಲೇ ಮಾರದಿರಲು ಸಾಲ. ಬೀಜ ಕೂಡುವ ಈ ತಿಂಗಳುಗಳಲ್ಲಿ ದರ ನೆಲಕಚ್ಚಿರುತ್ತದೆ. ಮನೆಯಲ್ಲಿ ಕಾಳಿಲ್ಲದವಳು ಹೇಳಿದ ದರಕ್ಕೆ ಕೊಡುತ್ತಾಳೆ, ಕೆಲವು ತಿಂಗಳು ತಡೆದುಕೊಂಡವಳಿಗೆ ಲಾಭ ಸಿಗುತ್ತದೆ. ಆ ಕೆಲವು ತಿಂಗಳ ಉಸಿರನ್ನು ಈ ಪೆಟ್ಟಿಗೆ ಕೊಡುತ್ತದೆ. ಯಾವ ಸಂಸ್ಥೆಯ ದೊಡ್ಡ ಯೋಜನೆಗಿಂತಲೂ ಇದನ್ನು ನಾನು ಹೆಚ್ಚು ನಂಬುತ್ತೇನೆ.

ಬುಧವಾರ, ಗುರುವಾರ

ದೂರದ ಹೊಲದ ಮೆಕ್ಕೆಜೋಳಕ್ಕೆ ಹುಳು. ಸುಳಿ ಬಿಡಿಸಿ ನೋಡಿದರೆ ಎಲೆಯ ಮೇಲೆ ಸಾಲುಗಟ್ಟಿದ ತೂತು, ಒಳಗೆ ಮರದ ಹೊಟ್ಟಿನಂಥ ಒದ್ದೆ ಹಿಕ್ಕೆ. ಅದನ್ನು ಕಡ್ಡಿಯಿಂದ ಸರಿಸಿದರೆ ಹಣೆಯ ಮೇಲೆ ತಲೆಕೆಳಗಾದ ವೈ ಆಕಾರದ ಗೆರೆಯಿರುವ ಹುಳು ಹೊರಳುತ್ತದೆ. ಸೈನಿಕ ಹುಳು. ಅಮೆರಿಕ ಖಂಡದ ಈ ಪಿಡುಗು 2016ರಲ್ಲಿ ಪಶ್ಚಿಮ ಆಫ್ರಿಕಾಕ್ಕೆ ಬಂತು. ಭಾರತದಲ್ಲಿ ಅದು ಮೊದಲು ಕಂಡದ್ದು 2018ರ ಮೇ ತಿಂಗಳಲ್ಲಿ, ಶಿವಮೊಗ್ಗದಲ್ಲಿ. ಅಪ್ಪನ ಹೊಲದಲ್ಲೂ ಅದೇ ಹುಳುವನ್ನು ಬೆರಳಿನಿಂದ ಹಿಸುಕಿದ್ದೇನೆ.

ಸುಳಿಗೆ ಬೂದಿ, ಮರಳು ಹಾಕುವುದು ಇಲ್ಲಿಯವರ ಉಪಾಯ. ಎಳೆಯ ಹುಳುವಿಗೆ ಅದು ಸಾಕಾಗುತ್ತದೆ. ಬೋಲ್ಗಾದ ಅಂಗಡಿಯ ಔಷಧಕ್ಕೆ ಈ ತಿಂಗಳಲ್ಲಿ ಯಾರ ಕೈಯಲ್ಲೂ ದುಡ್ಡಿಲ್ಲ. ಆದರೆ ಮನೆಯ ಹಿಂದೆ, ರಸ್ತೆಯ ಬದಿಗೆ, ಶಾಲೆಯ ಅಂಗಳದಲ್ಲಿ ಎಲ್ಲೆಲ್ಲೂ ಬೇವು. 20ನೇ ಶತಮಾನದ ಮೊದಲ ದಶಕಗಳಲ್ಲಿ ಬ್ರಿಟಿಷರ ಆಡಳಿತ ಭಾರತದಿಂದ ತರಿಸಿ ನೆಟ್ಟ ಮರ ಇದು. ನೆರಳಿಗೆ, ಸೌದೆಗೆ, ಮಲೇರಿಯಾಕ್ಕೆ ಕಷಾಯವಾಗಿ ಇಲ್ಲಿಯವರು ಅದನ್ನು ಪೂರ್ತಿ ತಮ್ಮದಾಗಿಸಿಕೊಂಡಿದ್ದಾರೆ. ಹುಳುವಿಗೆ ಬೀಜ ಬಳಸುವುದನ್ನು ಅಮ್ಮ ಕೇಳಿ ಬಲ್ಲರು, ಪ್ರಮಾಣ ಮಾತ್ರ ಬೇಕಿತ್ತು. ಅದು ನನಗೆ ಬರುವ ಕೆಲಸ. ಒಣ ಬೀಜದ ಸಿಪ್ಪೆ ಬಿಡಿಸಿ 5 ಕಿಲೋ ತಿರುಳನ್ನು ಒರಳಲ್ಲಿ ಕುಟ್ಟಿದೆವು. ರಾತ್ರಿಯಿಡೀ ನೀರಲ್ಲಿ ನೆನೆಸಿ, ಬೆಳಿಗ್ಗೆ ಬಟ್ಟೆಯಲ್ಲಿ ಹಿಂಡಿ, ಸಾಬೂನಿನ ಪುಡಿ ಬೆರೆಸಿ, ಒಟ್ಟು 100 ಲೀಟರ್ ಆಗುವಂತೆ ನೀರು ಕೂಡಿಸಬೇಕು. ಬಿಸಿಲಿಗೆ ಬೇವಿನ ಸಾರ ಕೆಡುತ್ತದೆ, ಆದ್ದರಿಂದ ಸಂಜೆ ಸಿಂಪಡಿಸಬೇಕು, ಅದೂ ಸುಳಿಯೊಳಕ್ಕೆ ಇಳಿಯುವಂತೆ. ಗುರುವಾರ ಸಂಜೆ ಮಗನೂ ನಾನೂ ಸಾಲು ಹಿಡಿದು ಮುಗಿಸಿದೆವು. ಪಕ್ಕದ ಹೊಲದ ಇಬ್ಬರು ಬಂದು ಅಳತೆಯ ಡಬ್ಬಿಯನ್ನು ಕೇಳಿ ಒಯ್ದರು.

ಶುಕ್ರವಾರ

ನಾಲ್ಕು ಗಂಟೆಗೆ ಅಮ್ಮನ ಜೊತೆ ಶಿಯಾ ಹಣ್ಣು ಆಯಲು ಹೊರಟೆ. ಕತ್ತಲಲ್ಲೇ ಹೋಗಬೇಕು, ರಾತ್ರಿ ಉದುರಿದ್ದು ಮೊದಲು ಬಂದವರಿಗೆ. ಹುಲ್ಲಿನಲ್ಲಿ ಹಾವು, ಕೈ ಹಾಕುವ ಮೊದಲು ಕೋಲಿನಿಂದ ಬಡಿಯುತ್ತಾರೆ. ಬ್ಯಾಟರಿ ಅಮ್ಮನ ಬಾಯಲ್ಲಿ, ಎರಡೂ ಕೈ ನೆಲದಲ್ಲಿ. ಹಸಿರು ಸಿಪ್ಪೆಯೊಳಗಿನ ಮೆತ್ತನೆಯ ಸಿಹಿ ತಿರುಳೇ ಮಕ್ಕಳ ಬೆಳಗಿನ ತಿಂಡಿ. ದೇವರು ಈ ಹಣ್ಣನ್ನು ಹಸಿವಿನ ತಿಂಗಳಿಗೇ ಇಟ್ಟಿದ್ದಾನೆ ಎಂದು ಅಮ್ಮ ಹೇಳಿದ್ದನ್ನು ಮಗ ನನಗೆ ಆಮೇಲೆ ತಿಳಿಸಿದರು. ಶಿಯಾ ಮರ ಫಲ ಕೊಡಲು ಹದಿನೈದು ಇಪ್ಪತ್ತು ವರ್ಷ ಬೇಕು. ಹಾಗಾಗಿ ಹೊಲ ಮಾಡುವಾಗ ಬೇರೆ ಮರ ಕಡಿದರೂ ಇದನ್ನು ಉಳಿಸುತ್ತಾರೆ.

ಮನೆಗೆ ಬಂದು ಬೀಜ ಬೇಯಿಸಿ ಮಾಳಿಗೆಯಲ್ಲಿ ಹರವಿದೆವು. ಒಣಗಿದ ಮೇಲೆ ಒಡೆದು, ಹುರಿದು, ಬೀಸಿ, ನೀರು ಚಿಮುಕಿಸುತ್ತ ಕೈಯಲ್ಲಿ ಕಲೆಸಬೇಕು. ಕಂದು ಹಿಟ್ಟು ಕೈಯಡಿಯಲ್ಲೇ ನಿಧಾನವಾಗಿ ಬೆಳ್ಳಗಾಗಿ ಬೆಣ್ಣೆ ತೇಲುತ್ತದೆ. ಬೆಂಗಳೂರಿನ ಮಳಿಗೆಗಳಲ್ಲಿ ಶಿಯಾ ಬೆಣ್ಣೆಯ ಪುಟ್ಟ ಡಬ್ಬಿ ಕೊಳ್ಳುವವರು ಈ ಕೆಲಸವನ್ನು ಒಮ್ಮೆ ನೋಡಬೇಕು ಎಂದು ನನಗೆ ಬಹಳ ಅನ್ನಿಸಿತು. ಆ ಬೆಲೆಯಲ್ಲಿ ಹಾವಿನ ಹುಲ್ಲಿಗೆ ಕೈ ಹಾಕಿದವಳಿಗೆ ಬರುವುದು ಪುಡಿಗಾಸು. ಇದು ಅನ್ಯಾಯ, ಇದಕ್ಕೆ ಬೇರೆ ಹೆಸರಿಲ್ಲ.

ಶನಿವಾರ

ವಿಧವೆಯೊಬ್ಬರ ಶೇಂಗಾ ಹೊಲಕ್ಕೆ ಮುಯ್ಯಾಳು. ಹತ್ತಾರು ಜನ ಸಾಲಾಗಿ ನಿಂತು ಒಂದೇ ತಾಳಕ್ಕೆ ಗುದ್ದಲಿ ಹಾಕುತ್ತ ಹೋದರು. ಒಬ್ಬ ಹಿರಿಯ ಬದುವಿನ ಮೇಲೆ ನಿಂತು ಹಾಡಿ ಹುರಿದುಂಬಿಸುತ್ತಿದ್ದ. ಕೂಲಿ ಇಲ್ಲ. ಮಧ್ಯಾಹ್ನ ಪಿಟೊ ಎಂಬ ಜೋಳದ ಮದ್ಯ, ಮೇಲೆ ಊಟ, ಮುಂದೆ ಅವರ ಸರದಿ ಬಂದಾಗ ಈ ಮನೆಯವರು ಹೋಗಬೇಕು. ಪಿಟೊ ತುಂಬಿದ ಬುರುಡೆ ಸಾಲಿನಲ್ಲಿ ಕೈಯಿಂದ ಕೈಗೆ ಹೋಗುತ್ತದೆ. ಮನೆಗೆ ಒಬ್ಬರಾದರೂ ಬರಬೇಕೆಂಬ ಕಟ್ಟಳೆಯಲ್ಲಿ ಅಮ್ಮನ ಮನೆಯ ಲೆಕ್ಕಕ್ಕೆ ಅಂದು ನಾನು ನಿಂತೆ. ಸರದಿಯ ಪಟ್ಟಿಯಲ್ಲಿ ಅದನ್ನು ಹಾಗೆಯೇ ಎಣಿಸಿದರು. ಇಡೀ ಪ್ರವಾಸದಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ಸಂಗತಿ ಇದು.

ಭಾನುವಾರ

ಗುಡ್ಡ ಹತ್ತಿದೆವು. ಮೇಲಿನಿಂದ ನೋಡಿದರೆ ಕೆಲವು ಇಳಿಜಾರುಗಳು ಬೋಳು, ಕೆಲವು ಹಸಿರು. ಹಸಿರಿನ ಕಡೆ ಯಾರೂ ಸಸಿ ನೆಟ್ಟಿಲ್ಲ. ಕಡಿದ ಮರದ ಮೋಟು ನೆಲದೊಳಗೆ ಜೀವಂತ ಇರುತ್ತದೆ, ಅದು ಒಡೆದ ಹತ್ತಾರು ಚಿಗುರುಗಳಲ್ಲಿ ಗಟ್ಟಿಯಾದ ಎರಡು ಮೂರನ್ನು ಉಳಿಸಿ ಮಿಕ್ಕದ್ದನ್ನು ಸವರಬೇಕು, ಬೆಂಕಿ ಮತ್ತು ಆಡುಗಳಿಂದ ಕಾಯಬೇಕು. ಆಸ್ಟ್ರೇಲಿಯಾದ ಕೃಷಿತಜ್ಞ ಟೋನಿ ರಿನಾಡೊ ಇದನ್ನು ನೈಜರ್‌ನಲ್ಲಿ 1983ರಿಂದ ರೈತರೊಂದಿಗೆ ಬೆಳೆಸಿದರು. ತಾಲೆನ್ಸಿಗೆ ಇದು 2009ರಲ್ಲಿ ಬಂತು. 2018ರ ರೈಟ್ ಲೈವ್ಲಿಹುಡ್ ಪ್ರಶಸ್ತಿಯನ್ನು ಅವರ ಜೊತೆ ಹಂಚಿಕೊಂಡವರಲ್ಲಿ ಒಬ್ಬರು ಗಡಿಯಾಚೆಯ ಬುರ್ಕಿನಾ ಫಾಸೊದ ರೈತ ಯಾಕೂಬಾ ಸವಾಡೊಗೊ. ಕಲ್ಲಾದ ನೆಲದಲ್ಲಿ ಗುಂಡಿ ತೋಡಿ, ಗೊಬ್ಬರ ತುಂಬಿ, ಸಜ್ಜೆಯ ಜೊತೆ ಕಾಡನ್ನೂ ಎಬ್ಬಿಸಿದ ಆ ಹಿರಿಯರು 2023ರಲ್ಲಿ ತೀರಿಕೊಂಡರು. ಮಗ ತಮ್ಮ ಪಾಲಿನ ಇಳಿಜಾರು ತೋರಿಸಿದರು. ಅಲ್ಲಿ ಕಾವಲಿಗೆ ಸರದಿ ಇದೆ, ತಪ್ಪಿದರೆ ದಂಡವಿದೆ.

ಮುಂದಿನ ದಿನಗಳು

ಆಮೇಲಿನ ದಿನಗಳು ಒಂದನ್ನೊಂದು ಹೋಲುತ್ತವೆ. ಬೆಳಿಗ್ಗೆ ಕಳೆ, ಬಿಸಿಲೇರಿದಾಗ ಬೇವಿನ ನೆರಳು, ಸಂಜೆ ಮತ್ತೆ ಕಳೆ. ಸಿಂಪಡಿಸಿದ ಹೊಲದಲ್ಲಿ ಹೊಸ ಸುಳಿಗಳು ತೂತಿಲ್ಲದೆ ಹೊರಬಂದವು. ಪೂರ್ತಿ ಹೋಗಿರಲಿಲ್ಲ, ಮತ್ತೊಮ್ಮೆ ಹೊಡೆದೆವು. ಜುಲೈ ಮೊದಲ ವಾರ ನಾರಾ ತೆನೆ ಹಾಲುಗಟ್ಟಿತು.

ಒಂದು ಮಧ್ಯಾಹ್ನ ಅಪ್ಪನಿಗೆ ವಿಡಿಯೊ ಕರೆ ಮಾಡಿದೆ. ಅಮ್ಮ ತೆನೆಯನ್ನು ಮೊಬೈಲಿಗೆ ಹತ್ತಿರ ಹಿಡಿದರು. "ಎಂಥ ದಪ್ಪ ತೆನೆ!" ಎಂದರು ಅಪ್ಪ. ಸಾಲಿನಿಂದ ಸಾಲಿಗೆ ಎಷ್ಟು ಅಂತರ, ಅಲಸಂದೆ ಯಾವಾಗ ಊರಿದರು, ಗುಬ್ಬಿಗೆ ಏನು ಮಾಡುತ್ತಾರೆ ಎಂದು ಒಂದರ ಹಿಂದೊಂದು ಕೇಳಿದರು. ಅಮ್ಮ ಮಾತಾಡಿದ್ದನ್ನು ಮಗ ಇಂಗ್ಲಿಷಿಗೆ, ಇಂಗ್ಲಿಷನ್ನು ನಾನು ಕನ್ನಡಕ್ಕೆ. ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: ನಿಮ್ಮಲ್ಲಿ ಮಳೆ ಎಷ್ಟು? ಇಲ್ಲಿ ವರ್ಷಕ್ಕೆ 900ರಿಂದ 1,000 ಮಿಲಿಮೀಟರ್, ನಮ್ಮಲ್ಲಿ 600ರ ಆಸುಪಾಸು. ಅಷ್ಟರಲ್ಲೇ ಹೇಗೆ ಬೆಳೆಯುತ್ತೀರಿ ಎಂದು ಅಮ್ಮ ದಂಗಾದರು. ಇಲ್ಲಿಯ ಮಳೆ ಒಂದೇ ಸಲ ಸುರಿದು ಮಣ್ಣನ್ನು ಹೊತ್ತೊಯ್ಯುತ್ತದೆ ಎಂದಾಗ ಅಪ್ಪ, ಇಳಿಜಾರಿಗೆ ಅಡ್ಡ ಬದು ಹಾಕಿದ್ದಾರೆಯೇ ತೋರಿಸು ಎಂದರು. ಮಗ ಮೊಬೈಲ್ ಹಿಡಿದು ಕಲ್ಲಿನ ಬದುಗಳ ಉದ್ದಕ್ಕೂ ನಡೆದರು. ಬ್ಯಾಟರಿ ಮುಗಿಯುವ ತನಕ ಈ ಮಾತು ಸಾಗಿತು.

ಹೊರಡುವ ದಿನ

ದುಬಾರಿ ಶುಲ್ಕ ತೆಗೆದುಕೊಂಡು ಸ್ವಯಂಸೇವಕರನ್ನು ಕಳಿಸುವ ಮಧ್ಯವರ್ತಿಗಳು ಬಹಳ ಇದ್ದಾರೆ. ಹೋಗಬಯಸುವವರು ಅವರನ್ನು ಎರಡು ವಿಷಯ ಕೇಳಲಿ. ಕೆಲಸ ಯಾವುದೆಂದು ನಿರ್ಧರಿಸುವವರು ಯಾರು, ಉಳಿಸಿಕೊಳ್ಳುವ ಮನೆಗೆ ಈ ಹಣದಲ್ಲಿ ಎಷ್ಟು ಸಿಗುತ್ತದೆ? ನನ್ನ ಊಟದ ಖರ್ಚನ್ನು ನಾನು ಹೆಂಗಸರ ಸಂಘದ ಮೂಲಕವೇ ಕೊಟ್ಟೆ. ಹಸಿವಿನ ತಿಂಗಳಲ್ಲಿ ಒಂದು ಬಾಯಿ ಹೆಚ್ಚಾಗಿ ಬರುವವರು ಅದರ ಪಾಲನ್ನು ಮೊದಲೇ ಹೊತ್ತು ತರಬೇಕು. ಸೊಳ್ಳೆ ಪರದೆ, ಮಲೇರಿಯಾ ಮಾತ್ರೆ ಮರೆಯುವಂತಿಲ್ಲ, ಮಳೆಗಾಲದ ಮಲೇರಿಯಾ ಇಲ್ಲಿ ಕಡುವಾದದ್ದು.

ಬೋಲ್ಗಾ ನಿಲ್ದಾಣಕ್ಕೆ ಮಗ ಬಂದಿದ್ದರು. ಅಮ್ಮ ಬರಲಿಲ್ಲ, ಅಂದು ಬೇರೆ ಹೊಲದಲ್ಲಿ ಅವರ ಮುಯ್ಯಿ ಇತ್ತು. ಹೇಳಿ ಕಳಿಸಿದ್ದನ್ನು ಮಗ ಒಪ್ಪಿಸಿದರು: "ಮುಂದಿನ ವರ್ಷ ಇದಕ್ಕಿಂತ ಒಂದು ವಾರ ಮೊದಲು ಬರಬೇಕಂತೆ, ಸಜ್ಜೆಯ ಮೊದಲ ಕಳೆಗೆ. ಇನ್ನಿಬ್ಬರನ್ನು ಕರೆತರುವುದಾದರೆ ಬಗ್ಗಿ ಕೆಲಸ ಮಾಡುವವರಾಗಿರಲಿ ಎಂದಿದ್ದಾರೆ." ಕುಷ್ಟಗಿಯ ಅತ್ತೆ ಮಕ್ಕಳಿಬ್ಬರ ಹೆಸರನ್ನು ಬಸ್ಸು ಹೊರಡುವ ಮೊದಲೇ ಅವರಿಗೆ ಹೇಳಿದೆ.